ಗಾಲಿಗೆ ಗಾಳಿ ತುಂಬಿದ ಪಶುವೈದ್ಯ: ಜಾನ್ ಬಾಯ್ಡ್ ಡನ್‌ಲಪ್

ಹಾನಗಲ್, ಶಿಗ್ಗಾವಿ ಮತ್ತು ಹಿರೇಕೆರೂರು ಪಟ್ಟಣಗಳಿಗೆ ರೈಲು ಮಾರ್ಗವಿಲ್ಲ. ಸವಣೂರಿನವರು ರೈಲು ಹತ್ತಬೇಕಾದರೆ ಯಲವಿಗಿ ನಿಲ್ದಾಣಕ್ಕೆ ಹೋಗಬೇಕು. ಹೀಗಾಗಿ ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಬದುಕು ಬಹುಮಟ್ಟಿಗೆ ರಬ್ಬರ್ ಗಾಲಿಯ ಮೇಲೆಯೇ ಉರುಳುತ್ತಿದೆ. ಸವಣೂರಿನ ವೀಳ್ಯದೆಲೆ ಸಂತೆಗೆ ಹೋಗುವುದು, ಹಾನಗಲ್ಲಿನ ಮಾವು ಮಾರುಕಟ್ಟೆ ಸೇರುವುದು, ನಡುರಾತ್ರಿ ರೋಗಿಯೊಬ್ಬರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವುದು, ಎಲ್ಲವೂ ಟೈರಿನ ಭರವಸೆಯ ಮೇಲೆ. ಆ ಭರವಸೆ ಎಷ್ಟು ಗಟ್ಟಿ ಎಂಬ ಪ್ರಶ್ನೆ ಹಳೆಯ ಕಾರುಳ್ಳ ಮನೆಗಳಲ್ಲಿ ಮಳೆಗಾಲಕ್ಕೆ ಮುನ್ನ ಏಳುವುದುಂಟು. ಕಾರಿನ ಬೆಲೆಯೇ ಇಳಿದುಹೋಗಿರುವಾಗ ನಾಲ್ಕು ಹೊಸ ಟೈರುಗಳಿಗೆ ಎಷ್ಟು ಹಣ ಹಾಕುವುದು ಎಂಬುದು ಸಣ್ಣ ಪ್ರಶ್ನೆಯಲ್ಲ. ಒಂದು ಕಡೆ ಮನೆಯ ಖರ್ಚು, ಇನ್ನೊಂದು ಕಡೆ ಕಾರಿನೊಳಗೆ ಕುಳಿತವರ ಜೀವ.

ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡಾಗ, ಟೈರಿನ ಪಕ್ಕೆಯ ಮೇಲೆ ದಶಕಗಳ ಕಾಲ ನಾವು ಓದುತ್ತ ಬಂದ ಒಂದು ಹೆಸರಿನ ಹಿಂದಿನ ಮನುಷ್ಯನನ್ನು ನೆನೆಯುವುದು ಉಚಿತ. ಜಾನ್ ಬಾಯ್ಡ್ ಡನ್‌ಲಪ್ ಕಾರ್ಖಾನೆಯ ಒಡೆಯರಾಗಿ ಹುಟ್ಟಿದವರಲ್ಲ, ಎಂಜಿನಿಯರೂ ಅಲ್ಲ. ಅವರು ದನ, ಕುದುರೆಗಳಿಗೆ ಮದ್ದು ಕೊಡುತ್ತಿದ್ದ ಪಶುವೈದ್ಯರು.

ರೈತಮನೆಯ ಹುಡುಗ

ಡನ್‌ಲಪ್ ಜನಿಸಿದ್ದು 1840ರ ಫೆಬ್ರುವರಿ 5ರಂದು, ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತದ ಡ್ರೆಗ್‌ಹಾರ್ನ್ ಎಂಬ ಊರಿನ ಒಂದು ಹೊಲಮನೆಯಲ್ಲಿ. ದನಕರುಗಳ ನಡುವೆ ಬೆಳೆದ ಹುಡುಗ ಎಡಿನ್‌ಬರೊದಲ್ಲಿ ಪಶುವೈದ್ಯಶಾಸ್ತ್ರ ಕಲಿತರು. ಕೆಲವು ವರ್ಷ ಸ್ವದೇಶದಲ್ಲಿಯೇ ವೃತ್ತಿ ನಡೆಸಿದ ಬಳಿಕ 1867ರಲ್ಲಿ ಸಮುದ್ರ ದಾಟಿ ಐರ್ಲೆಂಡಿನ ಡೌನ್‌ಪ್ಯಾಟ್ರಿಕ್ ಎಂಬ ಪಟ್ಟಣಕ್ಕೆ ಬಂದರು. ಅಲ್ಲಿ ತಮ್ಮ ಸೋದರ ಜೇಮ್ಸ್ ಜೊತೆಗೂಡಿ ಪಶು ಚಿಕಿತ್ಸಾಲಯ ತೆರೆದರು. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಎಂಬುವರನ್ನು ಮದುವೆಯಾದರು. ಒಬ್ಬ ಮಗಳು, ಒಬ್ಬ ಮಗ ಜನಿಸಿದರು.

ಮುಂದೆ ಬೆಲ್‌ಫಾಸ್ಟ್ ನಗರದ ಮೇ ಸ್ಟ್ರೀಟಿಗೆ ತಮ್ಮ ವೃತ್ತಿಯನ್ನು ಸಾಗಿಸಿದರು. 1880ರ ದಶಕದ ನಡುವಿನ ಹೊತ್ತಿಗೆ ಅವರದು ಇಡೀ ಐರ್ಲೆಂಡಿನಲ್ಲಿಯೇ ದೊಡ್ಡ ಪಶುವೈದ್ಯ ಕೇಂದ್ರಗಳಲ್ಲೊಂದಾಗಿ ಬೆಳೆದಿತ್ತು. ಉದ್ದ ಗಡ್ಡದ, ಮೃದು ಸ್ವಭಾವದ ಮನುಷ್ಯ. ನಲವತ್ತೇಳನೆಯ ವಯಸ್ಸಿನವರೆಗೆ ಲೋಕ ಅವರನ್ನು ಬಲ್ಲದ್ದು ಒಬ್ಬ ನುರಿತ ಪಶುವೈದ್ಯನೆಂದು ಮಾತ್ರ. ಬಾಳಿನ ಮಧ್ಯಾಹ್ನ ಕಳೆದ ಮೇಲೆ, ಅದೂ ತಮ್ಮ ವೃತ್ತಿಗೆ ಸಂಬಂಧವಿಲ್ಲದ ಕೆಲಸವೊಂದರಿಂದ, ಅವರು ಜಗತ್ತಿಗೆಲ್ಲ ಪರಿಚಿತರಾದರು.

ಅಂಗಳದ ಪ್ರಯೋಗ

ಅಂದಿನ ಬೆಲ್‌ಫಾಸ್ಟ್ ಬೀದಿಗಳಿಗೆ ಕಲ್ಲುಗಳನ್ನು ಹಾಸಿದ್ದರು. ನಡುವೆ ಟ್ರಾಮ್ ಹಳಿಗಳು ಬೇರೆ. ಡನ್‌ಲಪ್ ಅವರ ಮಗನಿಗೆ ಮೂರು ಗಾಲಿಯ ಸೈಕಲ್ಲೊಂದಿತ್ತು. ಆ ಕಾಲದ ಸೈಕಲ್ಲುಗಳ ಗಾಲಿಗೆ ಗಟ್ಟಿ ರಬ್ಬರಿನ ಪಟ್ಟಿ ಸುತ್ತಿರುತ್ತಿತ್ತು, ಇಲ್ಲವೆ ಬರಿಯ ಲೋಹದ ಅಂಚಿರುತ್ತಿತ್ತು. ಕಲ್ಲಿನಿಂದ ಕಲ್ಲಿಗೆ ಗಾಲಿ ಹಾರಿದಾಗಲೆಲ್ಲ ಸವಾರನ ಬೆನ್ನುಮೂಳೆ ಆ ಪೆಟ್ಟನ್ನು ತಿನ್ನಬೇಕಾಗಿತ್ತು. ಕಬ್ಬಿಣದ ಪಟ್ಟಿಯ ಚಕ್ಕಡಿಯಲ್ಲಿ ಕುಳಿತು ಹೊಲಕ್ಕೆ ಹೋಗಿ ಬಂದ ನಮ್ಮ ಹಿರಿಯರಿಗೆ ಈ ಅನುಭವವನ್ನು ವಿವರಿಸಿ ಹೇಳಬೇಕಾಗಿಲ್ಲ.

ರಬ್ಬರಿನೊಡನೆ ಕೆಲಸ ಮಾಡಿದ ಅನುಭವ ಡನ್‌ಲಪ್ ಅವರಿಗೆ ಮೊದಲೇ ಇತ್ತು. 1887ರ ಅಕ್ಟೋಬರ್ ತಿಂಗಳಲ್ಲಿ ಅವರು ಸುಮಾರು 96 ಸೆಂಟಿಮೀಟರ್ ಅಗಲದ ಮರದ ಬಿಲ್ಲೆಯೊಂದನ್ನು ತೆಗೆದುಕೊಂಡು, ತೆಳು ರಬ್ಬರ್ ಹಾಳೆಯಿಂದ ಕೊಳವೆ ಮಾಡಿ ಅದರ ಸುತ್ತ ಕೂಡಿಸಿ, ನಾರುಬಟ್ಟೆಯಿಂದ ಬಿಗಿದರು. ಬಳಿಕ ಕಾಲ್ಚೆಂಡಿಗೆ ಗಾಳಿ ಹಾಕುವ ಪಂಪಿನಿಂದ ಅದಕ್ಕೆ ಗಾಳಿ ತುಂಬಿದರು. ನಾರುಬಟ್ಟೆಗೆ ಬೆಲ್‌ಫಾಸ್ಟ್ ಆಗ ಲೋಕಪ್ರಸಿದ್ಧ. ಕೈಗೆ ಸಿಕ್ಕ ಸ್ಥಳೀಯ ವಸ್ತುವೇ ಕೆಲಸಕ್ಕೆ ಬಂತು.

ಮುಂದೆ ಅವರು ಮಾಡಿದ್ದು ಅತ್ಯಂತ ಸರಳವಾದ, ಆದರೆ ಅತ್ಯಂತ ಪ್ರಾಮಾಣಿಕವಾದ ಪರೀಕ್ಷೆ. ಮಗನ ಸೈಕಲ್ಲಿನ ಒಂದು ಗಾಲಿಯನ್ನು ಕಳಚಿ, ಅದನ್ನೂ ತಮ್ಮ ಗಾಳಿಗಾಲಿಯನ್ನೂ ಮನೆಯ ಅಂಗಳದಲ್ಲಿ ಉರುಳಿಸಿದರು. ಲೋಹದ ಗಾಲಿ ಅಂಗಳದ ನಡುವೆಯೇ ನಿಂತು ಬಿದ್ದಿತು. ಗಾಳಿ ತುಂಬಿದ ಗಾಲಿ ಅಂಗಳದ ಕೊನೆಯವರೆಗೂ ಓಡಿ, ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ಇದರ ಕಾರಣ ಸರಳ. ಗಟ್ಟಿ ಗಾಲಿ ಕಲ್ಲೊಂದನ್ನು ದಾಟುವಾಗ ಇಡೀ ವಾಹನವನ್ನೇ ಮೇಲೆತ್ತಬೇಕು. ಹಾಗೆ ಎತ್ತಲು ವ್ಯಯವಾದ ಶಕ್ತಿ ಮುಂದೆ ಸಾಗಲು ಒದಗುವುದಿಲ್ಲ. ಗಾಳಿ ತುಂಬಿದ ಗಾಲಿಯಾದರೋ ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಮುಂದೆ ಹೋಗುತ್ತದೆ. ಮೆತ್ತಗಿರುವುದು ನಿಧಾನವಾದೀತು ಎಂಬ ಸಾಮಾನ್ಯ ತಿಳಿವಳಿಕೆಯನ್ನು ಅಂಗಳದ ಆ ಒಂದು ಓಟ ಸುಳ್ಳು ಮಾಡಿತು. ಭಾರವನ್ನು ಹೊರುವುದು ರಬ್ಬರಲ್ಲ, ಅದರೊಳಗೆ ಒತ್ತಡದಲ್ಲಿರುವ ಗಾಳಿ ಎಂಬ ಸತ್ಯವೂ ಅಂದು ಕಣ್ಣಿಗೆ ಕಂಡಿತು.

ನಕ್ಕವರೇ ಕೊಂಡುಕೊಂಡರು

ಮಗನ ಸೈಕಲ್ಲಿನ ಹಿಂದಿನ ಎರಡು ಗಾಲಿಗಳಿಗೆ ಗಾಳಿಟೈರು ಕೂಡಿಸಿದ ಮೇಲೆ ಡನ್‌ಲಪ್ ದೊಡ್ಡ ಸೈಕಲ್ಲಿನತ್ತ ಹೊರಳಿದರು. 1888ರ ಡಿಸೆಂಬರ್ 7ರಂದು ಅವರಿಗೆ ಪೇಟೆಂಟ್ ದೊರೆಯಿತು. ಆದರೆ ಕಾಗದದ ಹಕ್ಕಿನಿಂದ ಜನರ ನಂಬಿಕೆ ಹುಟ್ಟುವುದಿಲ್ಲ. ಅದಕ್ಕೆ ಮೈದಾನವೇ ಬೇಕಾಯಿತು. ಬೆಲ್‌ಫಾಸ್ಟಿನ ಸೈಕಲ್ ಸಂಘವೊಂದರ ನಾಯಕ ವಿಲ್ಲಿ ಹ್ಯೂಮ್ ಎಂಬ ಸವಾರ ಗಾಳಿಟೈರಿನ ಸೈಕಲ್ಲನ್ನು ಕೊಂಡ ಮೊದಲ ಗ್ರಾಹಕರಾದರು. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ಅವರು ಆ ಸೈಕಲ್ಲಿನೊಡನೆ ಕಣಕ್ಕಿಳಿದಾಗ ದಪ್ಪ ಗಾಲಿಗಳನ್ನು ಕಂಡು ನೆರೆದವರು ನಕ್ಕರಂತೆ. ಆದರೆ ಅಂದಿನ ನಾಲ್ಕೂ ಸೈಕಲ್ ಸ್ಪರ್ಧೆಗಳನ್ನು ಹ್ಯೂಮ್ ಗೆದ್ದರು. ಸ್ವಲ್ಪ ಕಾಲದಲ್ಲೇ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿಯೂ ಒಂದನ್ನುಳಿದು ಎಲ್ಲ ಸ್ಪರ್ಧೆಗಳು ಅವರ ಪಾಲಾದವು.

ಇದೇ 1889ರಲ್ಲಿ ನಮ್ಮ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಸಂತ ಶರೀಫರು ದೇಹಬಿಟ್ಟರು ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಶರೀಫರು ನಡೆದಾಡಿದ ದಾರಿಗಳು ಕಾಲ್ನಡಿಗೆಯ ಮತ್ತು ಎತ್ತಿನ ಬಂಡಿಯ ದಾರಿಗಳು. ಅವರು ಕಣ್ಮರೆಯಾದ ವರ್ಷವೇ ದೂರದ ದ್ವೀಪವೊಂದರಲ್ಲಿ ಆ ದಾರಿಗಳ ಸ್ವರೂಪವನ್ನೇ ಬದಲಿಸಲಿದ್ದ ಗಾಲಿಯೊಂದು ಮೊದಲ ಸ್ಪರ್ಧೆ ಗೆದ್ದಿತು.

ಕ್ವೀನ್ಸ್ ಕಾಲೇಜಿನ ಮೈದಾನದಲ್ಲಿ ಸೋತವರಲ್ಲಿ ಐರಿಷ್ ಸೈಕಲ್ ಸಂಘದ ಅಧ್ಯಕ್ಷ ಹಾರ್ವೆ ಡು ಕ್ರಾಸ್ ಅವರ ಮಕ್ಕಳೂ ಇದ್ದರು. ವ್ಯಾಪಾರದ ಕಣ್ಣುಳ್ಳ ಡು ಕ್ರಾಸ್ ಮಕ್ಕಳ ಸೋಲಿನಲ್ಲಿ ಅವಕಾಶವನ್ನು ಕಂಡರು. ಡನ್‌ಲಪ್ ಅವರೊಡನೆ ಕೈಜೋಡಿಸಿ ಡಬ್ಲಿನ್ ನಗರದಲ್ಲಿ ಕಂಪನಿಯೊಂದನ್ನು ನಿಲ್ಲಿಸಿದರು. ಗಾಳಿಟೈರಿನ ಉದ್ಯಮ ಆರಂಭವಾಯಿತು.

ಮೊದಲಿಗನಲ್ಲ ಎಂಬ ಸುದ್ದಿ

ಎಲ್ಲವೂ ಏರುಮುಖವಾಗಿರುವಾಗಲೇ ದೊಡ್ಡ ಪೆಟ್ಟೊಂದು ಬಿತ್ತು. ಪೇಟೆಂಟ್ ಸಿಕ್ಕ ಸುಮಾರು ಎರಡು ವರ್ಷಗಳ ಬಳಿಕ ಅದು ಸಿಂಧುವಲ್ಲವೆಂದು ಡನ್‌ಲಪ್ ಅವರಿಗೆ ತಿಳಿಸಲಾಯಿತು. ಕಾರಣ, ಗಾಳಿ ತುಂಬಿದ ಗಾಲಿಯ ಕಲ್ಪನೆಗೆ ಅವರದೇ ನಾಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬುವರು 1845ರಲ್ಲಿಯೇ, ಅಂದರೆ ಡನ್‌ಲಪ್ ಐದು ವರ್ಷದ ಬಾಲಕರಾಗಿದ್ದಾಗಲೇ, ಪೇಟೆಂಟ್ ಪಡೆದಿದ್ದರು. ಆಗ ಥಾಮ್ಸನ್ ಅವರಿಗೆ ಕೇವಲ 23 ವರ್ಷ. ಅವರ ಗಾಳಿಗಾಲಿಗಳನ್ನು ಲಂಡನ್ನಿನಲ್ಲಿ ಕುದುರೆ ಬಂಡಿಗಳಿಗೆ ಕೂಡಿಸಿ ಓಡಿಸಿಯೂ ತೋರಿಸಲಾಗಿತ್ತು. ಒಂದು ಜೊತೆ ಗಾಲಿ ಸುಮಾರು 1,200 ಮೈಲಿ ಬಾಳಿತೆಂಬ ದಾಖಲೆಯಿದೆ.

ಹಾಗಿದ್ದರೂ ಜಗತ್ತು ಅದನ್ನು ಏಕೆ ಮರೆಯಿತು? ತೆಳು ರಬ್ಬರ್ ಆಗ ದುಬಾರಿ. ಕುದುರೆ ಬಂಡಿಯ ಒಡೆಯನಿಗೆ ಅಷ್ಟು ಹಣ ತೆತ್ತು ಸುಖ ಕೊಳ್ಳುವ ತುರ್ತು ಇರಲಿಲ್ಲ. ಜನಸಾಮಾನ್ಯನ ವಾಹನವಾಗಬಲ್ಲ ಸೈಕಲ್ ಇನ್ನೂ ಹುಟ್ಟಿರಲಿಲ್ಲ. ವಸ್ತು ಒಳ್ಳೆಯದಿದ್ದು ಬೆಲೆ ಕೈಗೆಟುಕದಿದ್ದರೆ ಅದು ಬಳಕೆಗೆ ಬರುವುದಿಲ್ಲ. ಥಾಮ್ಸನ್ 1873ರಲ್ಲಿ ತೀರಿಕೊಂಡಾಗ ಅವರ ಗಾಳಿಗಾಲಿಯೂ ಅವರೊಡನೆ ಮರೆಯಾಗಿತ್ತು. ಡನ್‌ಲಪ್ ಅವರಿಗೆ ಇದಾವುದೂ ತಿಳಿದಿರಲಿಲ್ಲ. ಎರಡನೆಯ ಬಾರಿ ಅದೇ ವಸ್ತುವನ್ನು ಸ್ವತಂತ್ರವಾಗಿ ಕಂಡುಕೊಂಡ ಅವರು ಮೊದಲಿಗನೆಂಬ ಹೆಗ್ಗಳಿಕೆಯನ್ನು ಕಳೆದುಕೊಂಡರು. ಆದರೆ ಅದನ್ನು ಜನಬಳಕೆಗೆ ತಂದ ಕೀರ್ತಿ ಅವರಲ್ಲಿಯೇ ಉಳಿಯಿತು.

ಮೂಲ ಪೇಟೆಂಟ್ ಬಿದ್ದುಹೋದ ಮೇಲೂ ಕಂಪನಿ ಬದುಕುಳಿದದ್ದಕ್ಕೆ ಬೇರೆಯೇ ಕಾರಣವಿದೆ. ಮೊದಲಿನ ಟೈರುಗಳನ್ನು ಗಾಲಿಯ ಅಂಚಿಗೆ ಅಂಟಿಸಿಬಿಡುತ್ತಿದ್ದರು. ಮುಳ್ಳು ಚುಚ್ಚಿದರೆ ಬಿಚ್ಚಿ ತೇಪೆ ಹಾಕುವುದೇ ಒಂದು ಸಾಹಸ. 1890ರಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬುವರು ಅಂಚಿನಲ್ಲಿ ತಂತಿಯಿಟ್ಟು, ಬೇಕಾದಾಗ ಕಳಚಿ ಕೂಡಿಸಬಹುದಾದ ಟೈರನ್ನು ರೂಪಿಸಿದರು. ಅದೇ ವರ್ಷ ವಿಲಿಯಂ ಬಾರ್ಟ್‌ಲೆಟ್ ಇನ್ನೊಂದು ಬಗೆಯ ಕಳಚುವ ಟೈರಿಗೆ ಪೇಟೆಂಟ್ ಪಡೆದರು. ಈ ಹಕ್ಕುಗಳನ್ನು ಡು ಕ್ರಾಸ್ ಕೊಂಡುಕೊಂಡರು. ನಮ್ಮ ಊರಿನ ಪಂಕ್ಚರ್ ಅಂಗಡಿಯವನು ಇಂದು ನಿಮಿಷಗಳಲ್ಲಿ ಟೈರು ಬಿಚ್ಚುವುದು ಸಾಧ್ಯವಾಗಿರುವುದು ಆ ತಂತಿಯಂಚಿನಿಂದಲೇ.

ಹೆಸರು ಉಳಿಯಿತು, ಹಣ ಉಳಿಯಲಿಲ್ಲ

ಕಂಪನಿ ಬೆಳೆದಂತೆ ಡನ್‌ಲಪ್ ಅದರಿಂದ ದೂರ ಸರಿದರು. 1895ರಲ್ಲಿ, ತಮ್ಮ 55ನೆಯ ವಯಸ್ಸಿನಲ್ಲಿ, ಅವರು ಕಂಪನಿಯಿಂದ ನಿವೃತ್ತರಾದರು. ಮರುವರ್ಷವೇ, 1896ರಲ್ಲಿ, ಡು ಕ್ರಾಸ್ ಆ ಉದ್ಯಮವನ್ನು ಟೆರಾ ಹೂಲಿ ಎಂಬ ಹಣಕಾಸು ವ್ಯವಹಾರಸ್ಥನಿಗೆ 30 ಲಕ್ಷ ಪೌಂಡುಗಳಿಗೆ ಮಾರಿದರು. ಹೂಲಿ ಅದನ್ನು ಸಾರ್ವಜನಿಕರಿಗೆ 50 ಲಕ್ಷ ಪೌಂಡುಗಳಿಗೆ ಮರುಮಾರಾಟ ಮಾಡಿದನು. ಒಂದು ವರ್ಷ ಮೊದಲೇ ಹೊರಬಂದಿದ್ದ ಡನ್‌ಲಪ್ ಅವರಿಗೆ ಈ ಮಹಾಸಂಪತ್ತಿನಲ್ಲಿ ದೊಡ್ಡ ಪಾಲೇನೂ ಸಿಗಲಿಲ್ಲ. ಡಬ್ಲಿನ್ನಿನಲ್ಲಿ ಬಟ್ಟೆ ವ್ಯಾಪಾರದಲ್ಲಿ ಭಾಗಿಯಾಗಿ ಅವರು ಶಾಂತವಾಗಿ ಬಾಳಿದರು. ತಮ್ಮ ಹೆಸರು ಲೋಕದ ಗೋಡೆಗೋಡೆಗಳ ಜಾಹೀರಾತಿನಲ್ಲಿ ಮೆರೆಯುತ್ತಿದ್ದುದನ್ನು ಅವರು ದೂರದಿಂದಲೇ ಕಂಡರು.

ಇದೇ ಅವಧಿಯಲ್ಲಿ ಗಾಳಿಟೈರು ಸೈಕಲ್ಲಿನಿಂದ ಕಾರಿಗೆ ಏರಿತು. 1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಓಟದಲ್ಲಿ ಫ್ರಾನ್ಸಿನ ಮಿಶೆಲಿನ್ ಸೋದರರು ಗಾಳಿಟೈರಿನ ಕಾರನ್ನು ಓಡಿಸಿದರು. ರಬ್ಬರಿಗೆ ಬೇಡಿಕೆ ಉಕ್ಕಿತು. ಈ ಉಕ್ಕಿನ ಕರಾಳ ಮುಖವನ್ನೂ ಮರೆಯಲಾಗದು. ಬೆಲ್ಜಿಯಂ ದೊರೆ ಲಿಯೋಪೋಲ್ಡನ ಹಿಡಿತದಲ್ಲಿದ್ದ ಕಾಂಗೋದಲ್ಲಿ ಕಾಡುರಬ್ಬರ್ ತರಲು ಮೂಲನಿವಾಸಿಗಳನ್ನು ಅಮಾನುಷವಾಗಿ ಹಿಂಸಿಸಲಾಯಿತು. ಡಬ್ಲಿನ್ ಸಮೀಪ ಹುಟ್ಟಿದ ರೋಜರ್ ಕೇಸ್‌ಮೆಂಟ್ ಅವರ ವರದಿ 1904ರಲ್ಲಿ ಅದನ್ನು ಬಯಲಿಗೆಳೆಯಿತು. 1908ರಲ್ಲಿ ಆ ನಾಡು ದೊರೆಯ ಕೈತಪ್ಪಿ ಬೆಲ್ಜಿಯಂ ಸರ್ಕಾರದ ವಶಕ್ಕೆ ಹೋಯಿತು. ಮಗನ ಸುಖಕ್ಕಾಗಿ ತಂದೆಯೊಬ್ಬ ಮಾಡಿದ ವಸ್ತು ಇನ್ನಾರದೋ ಮಕ್ಕಳ ಕಣ್ಣೀರಿಗೆ ಕಾರಣವಾದದ್ದು ಇತಿಹಾಸದ ಕ್ರೂರ ವ್ಯಂಗ್ಯ.

ಡನ್‌ಲಪ್ 1921ರ ಅಕ್ಟೋಬರ್ 23ರಂದು ಡಬ್ಲಿನ್ನಿನ ತಮ್ಮ ಮನೆಯಲ್ಲಿ, 81ನೆಯ ವಯಸ್ಸಿನಲ್ಲಿ ನಿಧನರಾದರು. ಅಲ್ಲಿನ ಡೀನ್ಸ್ ಗ್ರೇಂಜ್ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. ಟೈರಿನ ಇತಿಹಾಸವನ್ನು ಕುರಿತು ಅವರು ಬರೆದಿಟ್ಟಿದ್ದ ಪುಸ್ತಕ ಅವರ ಮರಣಾನಂತರ ಬೆಳಕು ಕಂಡಿತು.

ಭಾರತದಲ್ಲಿ ಡನ್‌ಲಪ್ ಹೆಸರಿನ ಕಾರ್ಖಾನೆ 1936ರಲ್ಲಿ ಪಶ್ಚಿಮ ಬಂಗಾಳದ ಸಾಹಾಗಂಜಿನಲ್ಲಿ ಆರಂಭವಾಗಿ, ದೇಶದ ಟೈರು ಉದ್ಯಮಕ್ಕೆ ಅಡಿಗಲ್ಲಾಯಿತು. ಎತ್ತಿನ ಗಾಡಿಗೂ ಗಾಳಿಟೈರು ಬಂದು ಎತ್ತುಗಳ ಹೆಗಲ ಭಾರ ಇಳಿಯಿತು. ಪಶುವೈದ್ಯರಾಗಿದ್ದ ಡನ್‌ಲಪ್ ಇದನ್ನು ಕಂಡಿದ್ದರೆ ಬಹುಶಃ ಎಲ್ಲಕ್ಕಿಂತ ಹೆಚ್ಚು ಸಂತೋಷಪಡುತ್ತಿದ್ದರು. ಆ ಸಾಹಾಗಂಜ್ ಕಾರ್ಖಾನೆ 2010ರ ದಶಕದಲ್ಲಿ ಮುಚ್ಚಿಹೋಯಿತು. ನಮ್ಮ ರಾಜ್ಯದ ಮೈಸೂರಿನ ವಿಕ್ರಾಂತ್ ಟೈರ್ಸ್ ಕೂಡ 1997ರಲ್ಲಿ ಜೆ.ಕೆ. ಸಮೂಹದ ಪಾಲಾಯಿತು. ಹೆಸರು ನೋಡಿ ಮಾತ್ರ ಟೈರು ಕೊಳ್ಳುವುದು ಜಾಣತನವಲ್ಲ ಎಂಬುದಕ್ಕೆ ಇವು ಸಾಕು. ಹೆಸರುಗಳು ಕೈ ಬದಲಾಯಿಸುತ್ತವೆ. ಟೈರಿನ ಮೇಲೆ ಅಚ್ಚಾದ ಅಂಕಿಗಳನ್ನೇ ಓದಬೇಕು.

ಡನ್‌ಲಪ್ ಕಲಿಸುವ ಪಾಠ

ಅಂಗಳದಲ್ಲಿ ಎರಡು ಗಾಲಿ ಉರುಳಿಸಿ ಹೋಲಿಸಿದ ಆ ಮನುಷ್ಯನ ವಿವೇಕವೇ ಇಂದು ಹಳೆಯ ಕಾರಿನ ಒಡೆಯನಿಗೆ ಬೇಕಾದದ್ದು. ಮೊದಲು ಅಳತೆ. ಉದಾಹರಣೆಗೆ, 2014ರವರೆಗೆ ತಯಾರಾದ, ಈಗಲೂ ನಮ್ಮ ತಾಲ್ಲೂಕುಗಳಲ್ಲಿ ಓಡುತ್ತಿರುವ ಮಾರುತಿ 800 ಕಾರಿನ ಟೈರಿನ ಮೇಲೆ 145/70 ಆರ್ 12 ಎಂದಿರುತ್ತದೆ. ಟೈರಿನ ಅಗಲ 145 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ಶೇ. 70, ರೇಡಿಯಲ್ ರಚನೆ, ಗಾಲಿಯ ವ್ಯಾಸ 12 ಅಂಗುಲ ಎಂದು ಅದರ ಅರ್ಥ. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಅಳತೆ ಕೂಡಿಸಬಾರದು. ಒಂದೇ ಅಚ್ಚಿಗೆ ಒಂದು ರೇಡಿಯಲ್, ಇನ್ನೊಂದು ಹಳೆಯ ಮಾದರಿಯ ಟೈರು ಬೆರೆಸಲೂಬಾರದು.

ಎರಡನೆಯದು ವಯಸ್ಸು. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನು, ಕೊನೆಯೆರಡು ವರ್ಷವನ್ನು ಹೇಳುತ್ತವೆ. 2321 ಎಂದಿದ್ದರೆ 2021ರ 23ನೆಯ ವಾರದಲ್ಲಿ ತಯಾರಾದದ್ದು. ಓಡದೆ ನಿಂತ ಟೈರಿನ ರಬ್ಬರೂ ಬಿಸಿಲಿಗೆ, ಗಾಳಿಗೆ ಗಡುಸಾಗಿ ಬಿರಿಯುತ್ತದೆ. ಐದು ವರ್ಷ ದಾಟಿದ ಟೈರನ್ನು ಪ್ರತಿವರ್ಷ ಪರೀಕ್ಷಿಸಬೇಕು, ಹತ್ತು ವರ್ಷವಾದದ್ದನ್ನು ಹೇಗಿದ್ದರೂ ತೆಗೆದುಹಾಕಬೇಕು. ಕಾರಿನ ಟೈರಿನ ಹಲ್ಲು 1.6 ಮಿಲಿಮೀಟರಿಗಿಂತ ಸವೆದಿದ್ದರೆ ಅದು ಕಾನೂನಿಗೂ ವಿರುದ್ಧ. ಸವೆತದ ಗುರುತಾಗಿ ಕಾಲುವೆಗಳ ತಳದಲ್ಲಿ ಸಣ್ಣ ದಿಬ್ಬಗಳನ್ನು ಇಟ್ಟಿರುತ್ತಾರೆ. ಹಲ್ಲಿನ ಮೇಲ್ಮೈ ಆ ದಿಬ್ಬಕ್ಕೆ ಸಮನಾದರೆ ಟೈರಿನ ಆಯುಷ್ಯ ಮುಗಿಯಿತು. ಮಳೆನೀರು ನಿಂತ ಹೆದ್ದಾರಿಯಲ್ಲಿ ಸವೆದ ಟೈರು ನೆಲವನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕು, ಸ್ಟಿಯರಿಂಗ್ ಎರಡೂ ನಿರರ್ಥಕ.

ಮೂರನೆಯದು ಹಣದ ಮಾತು. ಬಳಸಿದ ಟೈರು ಅಗ್ಗವೆಂದು ಕಾಣುತ್ತದೆ. ಆದರೆ ಅದು ಎಂಥ ಪೆಟ್ಟು ತಿಂದಿದೆ ಎಂಬುದು ಹೊರಗೆ ಕಾಣುವುದಿಲ್ಲ. ಬೋಳು ಟೈರಿಗೆ ಹೊಸದಾಗಿ ಗೀರು ಕೊರೆದು ಮಾರುವ ಪದ್ಧತಿಯೂ ಉಂಟು. ಬಸ್ಸು, ಲಾರಿಗಳ ದಪ್ಪ ಟೈರಿಗೆ ಮರುರಬ್ಬರು ಹಾಕುವುದು ರೂಢಿಯಲ್ಲಿರುವ ವ್ಯವಸ್ಥಿತ ಕ್ರಮ. ಸಣ್ಣ ಕಾರಿನ ತೆಳು ಟೈರಿಗೆ ಅದನ್ನು ನಂಬಿ ದೂರ ಹೋಗುವುದು ಸಲ್ಲದು. ಐ.ಎಸ್.ಐ. ಗುರುತುಳ್ಳ, ಸರಿಯಾದ ಅಳತೆಯ, ಕಡಿಮೆ ಬೆಲೆಯ ಹೊಸ ಟೈರು ಹೆಸರಾಂತ ಕಂಪನಿಯ ಹಳೆಯ ಟೈರಿಗಿಂತ ಎಷ್ಟೋ ಮೇಲು. ನಾಲ್ಕಕ್ಕೂ ಹಣ ಸಾಲದಿದ್ದರೆ ಜೊತೆಯಾಗಿ ಎರಡನ್ನೇ ಕೊಂಡು ಹಿಂದಿನ ಗಾಲಿಗಳಿಗೆ ಹಾಕಬೇಕು. ಮುಂದಿನ ಹಿಡಿತ ತಪ್ಪಿದರೆ ಕಾರು ನೇರ ಸರಿಯುತ್ತದೆ, ಚಾಲಕನಿಗೆ ತಿದ್ದಿಕೊಳ್ಳಲು ಸ್ವಲ್ಪವಾದರೂ ಅವಕಾಶವಿರುತ್ತದೆ. ಹಿಂದಿನ ಹಿಡಿತ ತಪ್ಪಿದರೆ ಕಾರೇ ತಿರುಗಿಬಿಡುತ್ತದೆ.

ಕೊನೆಯದು, ಎಲ್ಲಕ್ಕಿಂತ ಅಗ್ಗವಾದದ್ದು, ಗಾಳಿ. ಭಾರ ಹೊರುವುದು ಗಾಳಿಯೇ ಎಂಬುದು ಡನ್‌ಲಪ್ ಅವರ ಅಂಗಳದಲ್ಲಿ ಸಿದ್ಧವಾದ ಮಾತು. ಗಾಳಿ ಕಡಿಮೆಯಾದ ಟೈರು ಅಂಚಿನಲ್ಲಿ ಸವೆಯುತ್ತದೆ, ಬಿಸಿಯಾಗುತ್ತದೆ, ಓಡುತ್ತಿರುವಾಗಲೇ ಸಿಡಿಯಲೂಬಹುದು. ಕಾರಿನ ಕೈಪಿಡಿಯಲ್ಲಿ ಸೂಚಿಸಿದ ಒತ್ತಡವನ್ನು ತಿಂಗಳಿಗೆರಡು ಬಾರಿಯಾದರೂ, ಟೈರು ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ ನೋಡಿಕೊಂಡರೆ ಕೊಂಡ ಟೈರು ಇನ್ನಷ್ಟು ಕಾಲ ಬಾಳುತ್ತದೆ.

ಡನ್‌ಲಪ್ ತೀರಿಕೊಂಡು ನೂರು ವರ್ಷಗಳು ದಾಟಿವೆ. ಅವರು ಮೊದಲಿಗರಾಗಲಿಲ್ಲ, ಕೋಟ್ಯಧೀಶರೂ ಆಗಲಿಲ್ಲ. ಕಲ್ಲುಬೀದಿಯಲ್ಲಿ ಮಗನಿಗೆ ನೋವಾಗಬಾರದೆಂದು ಯೋಚಿಸಿದ ತಂದೆಯಷ್ಟೇ ಅವರು. ಈ ಮಳೆಗಾಲದಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಹಾನಗಲ್ಲಿನಿಂದಲೋ ಹಿರೇಕೆರೂರಿನಿಂದಲೋ ಹುಬ್ಬಳ್ಳಿಯ ದಾರಿ ಹಿಡಿಯುವ ಮುನ್ನ ಒಮ್ಮೆ ಬಾಗಿ ನಾಲ್ಕೂ ಗಾಲಿಗಳನ್ನು ನೋಡಿಕೊಂಡರೆ, ಆ ತಂದೆಗೆ ನಾವು ಸಲ್ಲಿಸಬಹುದಾದ ಗೌರವ ಅಷ್ಟರಲ್ಲಿಯೇ ಸಂದಂತಾಗುತ್ತದೆ.